ನಿಲ್ಲುವ ಪಾಠ

ನಮ್ಮ ಊರಿನಲ್ಲಿ ನಿಂತು ಮಾತಾಡುವವರು ಯಾರೂ ಇಲ್ಲ. ನಿಂತರೆ ನೆಲ ಒಳಗೆ ಎಳೆದುಕೊಳ್ಳುತ್ತದೆ. ಒಮ್ಮೆಲೇ ಅಲ್ಲ. ಮೊದಲು ಬೆರಳು ಮುಚ್ಚುತ್ತದೆ, ಆಮೇಲೆ ಹಿಮ್ಮಡಿ, ಆಮೇಲೆ ಕಾಲಿನ ಗಂಟು. ಅಷ್ಟು ಹೊತ್ತಿಗೆ ಯಾರೇ ಆದರೂ ಕಾಲೆತ್ತಿರುತ್ತಾರೆ. ಯೋಚಿಸಿ ಎತ್ತುವುದಲ್ಲ ಅದು, ರೆಪ್ಪೆ ಬಡಿದ ಹಾಗೆ. ತರಕಾರಿ ಕೊಳ್ಳುವವರು ತಕ್ಕಡಿಯ ಮುಂದೆ ಕಾಲು ಬದಲಾಯಿಸುತ್ತಲೇ ಚೌಕಾಸಿ ಮಾಡುತ್ತಾರೆ. ಮದುವೆಯಲ್ಲಿ ಗಂಡು ಹೆಣ್ಣು ಊಟದ ಎಲೆ ಎತ್ತುವವರೆಗೂ ಮಂಟಪ ಸುತ್ತುತ್ತಲೇ ಇರಬೇಕು. ಆಶೀರ್ವಾದ ಮಾಡುವವರು ಹಿಂದೆ ಹಿಂದೆ ಓಡಿ ಅಕ್ಷತೆ ಹಾಕುತ್ತಾರೆ. ರೇಷನ್ ಅಂಗಡಿಯ ಕ್ಯೂ ಉದ್ದಕ್ಕೆ ಇರುವುದಿಲ್ಲ, ದುಂಡಗೆ ಸುತ್ತುತ್ತಿರುತ್ತದೆ. ಹಾಗಾಗಿ ಯಾರು ಮೊದಲು ಬಂದರು ಎಂಬ ಜಗಳ ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಚಪ್ಪಡಿ ಹಾಕಿದರೆ ಚಪ್ಪಡಿಯೂ, ಹಲಗೆ ಹಾಸಿದರೆ ಹಲಗೆಯೂ ನಿಂತವರ ಜೊತೆಗೇ ಹೋಗುತ್ತದೆ. ಅದಕ್ಕೇ ಮನೆಯಲ್ಲಿ ಕೂರುವುದು, ಮಲಗುವುದು, ಊಟ ಮಾಡುವುದು ಎಲ್ಲ ತೊಲೆಗೆ ನೇತುಹಾಕಿದ ತೂಗುಹಲಗೆಯ ಮೇಲೆ. ಹೂತುಹೋದ ಎನ್ನುವ ಮಾತನ್ನು ನಾವು ಆಡುವುದಿಲ್ಲ. ಇಳಿದ ಎನ್ನುತ್ತೇವೆ. ಹೆತ್ತವರು ಮಗುವಿನ ಹಲ್ಲಿನ ವಿಷಯ ಮಾತಾಡುವುದಿಲ್ಲ. ಬೀದಿಯಲ್ಲಿ ಎದುರಾದವರು ಮೊದಲು ಕೇಳುವುದೇ ಮಗುವಿಗೆ ಕಾಲು ಬಂತಾ ಎಂದು. ಬಂತು ಎಂದರೆ ಆ ತಾಯಿಯ ಅರ್ಧ ಭಯ ಹೋಯಿತು ಎಂದು ಅರ್ಥ.

ನನ್ನ ತಮ್ಮ ನೀಲಕಂಠನಿಗೆ ಕಾಲು ಬರಲಿಲ್ಲ. ಅವನ ಕಾಲಿಗೆ ಏನೂ ಆಗಿರಲಿಲ್ಲ, ಗಟ್ಟಿಮುಟ್ಟಾದ ಕಾಲುಗಳು. ಕೈ ಹಿಡಿದು ಕರೆದುಕೊಂಡು ಹೋದರೆ ಊರ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಆದರೆ ಕೈ ಬಿಟ್ಟರೆ ನಿಲ್ಲುತ್ತಿದ್ದ. ಗೋಡೆಯ ಮೇಲೆ ಪಾರಿವಾಳದ ನೆರಳು ಹಾದರೆ, ನಲ್ಲಿಯಿಂದ ನೀರು ಬೀಳುತ್ತಿದ್ದರೆ, ಯಾರದೋ ಸೀರೆಯ ಅಂಚು ಗಾಳಿಗೆ ಹಾರಾಡಿದರೆ, ಅದನ್ನೇ ನೋಡುತ್ತಾ ನಿಂತುಬಿಡುತ್ತಿದ್ದ. ನೋಡುವಾಗ ಅವನಿಗೆ ಕಾಲುಗಳಿವೆ ಎಂಬುದೇ ಮರೆತುಹೋಗುತ್ತಿತ್ತು. ಇಂಥವರನ್ನು ಊರಿನಲ್ಲಿ ನಿಲ್ಲುವವರು ಎನ್ನುತ್ತಾರೆ. ಕಚೇರಿಯವರು ಸ್ಥಿರಪಾದರು ಎಂದು ಬರೆಯುತ್ತಾರೆ. ಹಾಗೆ ಬರೆದರೆ ಅವರಿಗೆ ಸ್ವಲ್ಪ ಹಗುರವಾಗುತ್ತದೇನೋ.

ಅಮ್ಮ ಇರುವವರೆಗೂ ಅವನ ಕೈ ಅಮ್ಮನ ಎಡಗೈಯಲ್ಲಿ ಇರುತ್ತಿತ್ತು. ಬಲಗೈಯಲ್ಲಿ ಅಡುಗೆ, ಬಟ್ಟೆ, ಪೂಜೆ. ಅಮ್ಮನ ಎಡಗೈ ಬಲಗೈಗಿಂತ ಉದ್ದವಾಗಿದೆ ಎಂದು ನಾನು ರೇಗಿಸುತ್ತಿದ್ದೆ. ಅಳೆದು ನೋಡುವ ಧೈರ್ಯ ಮಾಡಲಿಲ್ಲ. ಅವನು ನಿಂತಾಗಲೆಲ್ಲ ಅಮ್ಮ 'ಎತ್ತು, ಎತ್ತು' ಎನ್ನುತ್ತಿದ್ದಳು. ನೀಲುವಿಗೆ ಬರುವ ಮಾತುಗಳೇ ಕಡಿಮೆ. ಅದರಲ್ಲಿ ಇದೊಂದು. ಆಷಾಢದಲ್ಲಿ ಅಮ್ಮ ಹೋದಳು. ನಮ್ಮ ಪದ್ಧತಿಯಂತೆ ಅವಳನ್ನು ಊರಾಚೆಯ ಬಯಲಿನಲ್ಲಿ ನೆಲದ ಮೇಲೆ ಮಲಗಿಸಿ ಎಲ್ಲರೂ ಸುತ್ತ ನಡೆಯುತ್ತಿದ್ದೆವು. ಮಣ್ಣು ಅವಳ ಸೀರೆಯ ಅಂಚನ್ನು ಮುಚ್ಚುತ್ತಾ ಬಂದಾಗ ನೀಲು ನನ್ನ ಕೈ ಜಗ್ಗಿ ಮುಂದೆ ಬಾಗಿ, ಅಮ್ಮನಿಗೆ ಹೇಳಿದ: "ಎತ್ತು. ಎತ್ತು."

ಅಲ್ಲಿಂದ ಅವನ ಕೈ ನನ್ನ ಕೈಗೆ ಬಂತು. ನಾನು ಶಾಲೆಯ ಟೀಚರು, ಮಧ್ಯಮ ತರಗತಿಗಳಿಗೆ ಪಾಠ ಮಾಡುತ್ತೇನೆ. ಕರಿಹಲಗೆಯ ಮುಂದೆ ಆಚೆಯಿಂದೀಚೆಗೆ ನಡೆಯುತ್ತಾ ಪಾಠ ಹೇಳುವುದು ನಮ್ಮ ಕೆಲಸ, ಮಕ್ಕಳು ತೂಗುಬೆಂಚಿನಲ್ಲಿ ಕೂತು ತಲೆ ಅತ್ತಿಂದಿತ್ತ ತಿರುಗಿಸುತ್ತಾ ಕೇಳುತ್ತವೆ. ನೀಲುವನ್ನು ಕರೆದುಕೊಂಡು ಹೋಗಿ ಹಿಂದಿನ ಬೆಂಚಿಗೆ ಅಮ್ಮನ ಹಳೆಯ ಸೀರೆಯಿಂದ ಸೊಂಟ ಕಟ್ಟಿ ಕೂರಿಸುತ್ತಿದ್ದೆ. ಕೆಲವು ವಾರ ನಡೆಯಿತು. ಆಮೇಲೆ ಒಂದು ದಿನ ಆಟದ ಬಯಲಿನಲ್ಲಿ ಒಬ್ಬ ಹುಡುಗಿ ನೀಲುವಿನ ಹಾಗೆ ಬಾಯಿ ಅರೆ ತೆರೆದು ನಿಂತುಕೊಂಡಳು. ಉಳಿದ ಮಕ್ಕಳು ನಕ್ಕವು, ಅವಳು ಇನ್ನೂ ನಿಂತಳು. ಕಾಲಿನ ಗಂಟು ದಾಟಿದ ಮೇಲೆ ಚೀರಿದಳು. ಅವಳ ತಂದೆ ಬಂದು ಹೆಡ್‌ಮಾಸ್ಟರ ಕೋಣೆಯಲ್ಲಿ ಏನೇನು ಅಂದರೋ, ನನ್ನನ್ನು ಕರೆಸಿದ ಹೆಡ್‌ಮಾಸ್ಟರು ಕಿಟಕಿಯ ಕಡೆ ನೋಡುತ್ತಾ ನಡೆಯುತ್ತಾ, ಬೇಸಿಗೆ ರಜೆ ಬರುವುದರೊಳಗೆ ತಮ್ಮನಿಗೆ ಒಂದು ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲದಿದ್ದರೆ ನಾನು ಬೇರೆ ಟೀಚರನ್ನು ನೋಡಬೇಕಾಗುತ್ತದೆ ಎಂದರು. ಬಂಡೆಮನೆ ಇದೆಯಲ್ಲ, ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಂತೆ ಎಂದೂ ಸೇರಿಸಿದರು.

ಮನೆಯಲ್ಲಿ ಒಬ್ಬನನ್ನೇ ಬಿಡುವಂತಿರಲಿಲ್ಲ. ಅವನಿಗೆ ಗಂಟು ಬಿಚ್ಚಲು ಬರುತ್ತಿತ್ತು. ಬಿಚ್ಚಲಾಗದ ಹಾಗೆ ಒಂದು ದಿನ ಕೈಗಳನ್ನೂ ಕಟ್ಟಿ ಹೋಗಿದ್ದೆ. ಸಂಜೆ ಬಂದು ಅವನ ಮಣಿಕಟ್ಟು ನೋಡಿದ ಮೇಲೆ ಇನ್ನೊಮ್ಮೆ ಹಾಗೆ ಮಾಡಲಿಲ್ಲ.

ಬಂಡೆಮನೆಯನ್ನು ನಾನು ಹೋಗಿ ನೋಡಿದೆ. ಊರ ತೆಂಕಣಕ್ಕೆ ಒಂದೇ ಒಂದು ಬಂಡೆಯಿದೆ, ಅದು ಯಾರನ್ನೂ ಇಳಿಸಿಕೊಳ್ಳುವುದಿಲ್ಲ. ನಿಲ್ಲುವವರಲ್ಲಿ ದಿಕ್ಕಿಲ್ಲದವರನ್ನು ಅಲ್ಲಿ ಇಡುತ್ತಾರೆ. ಕೆಟ್ಟ ಜಾಗ ಎಂದು ಹೇಳಲಾರೆ. ಒಗೆದ ಬಟ್ಟೆ, ಹೊತ್ತಿಗೆ ಸರಿಯಾಗಿ ಮುದ್ದೆ ಸಾರು. ಬಂಡೆಯ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು. ಅವರ ತೊಡೆಗಳು ತೋಳಿನಷ್ಟು ಸಣ್ಣಗಾಗಿದ್ದವು. ಬಂಡೆಯಿಂದ ಇಳಿಸುವುದಿಲ್ಲವೇ, ಸ್ವಲ್ಪ ನಡೆದಾಡಿಸುವುದಿಲ್ಲವೇ ಎಂದು ಕೇಳಿದ್ದಕ್ಕೆ ಅಲ್ಲಿಯ ಹೆಂಗಸು, ನಾವು ಇಬ್ಬರೇ ಇರೋದು, ಯಾರನ್ನ ಅಂತ ಹಿಡಿದುಕೊಳ್ಳೋಣ ಎಂದಳು. ಬಾಗಿಲಲ್ಲಿ ಚಪ್ಪಲಿಗಳು ಗುಡ್ಡೆ ಬಿದ್ದಿದ್ದವು. ಬಂದ ದಿನ ಬಿಟ್ಟದ್ದು, ಆಮೇಲೆ ಯಾರೂ ಮೆಟ್ಟಿದ್ದಿಲ್ಲ. ಅದರಲ್ಲಿ ಹೆಚ್ಚಿನವಕ್ಕೆ ಸವೆತವೇ ಇರಲಿಲ್ಲ.

ಉಳಿದದ್ದು ಜೊತೆಗಾರರ ಕಚೇರಿ. ನಿಲ್ಲುವವರಿಗೆ ಹಗಲಿನಲ್ಲಿ ಒಬ್ಬ ಜೊತೆಗಾರನನ್ನು ಕೊಡುವ ಕಚೇರಿ ಅದು. ಜೊತೆಗಾರ ಸೊಂಟಕ್ಕೆ ಪಟ್ಟಿ ಕಟ್ಟಿ, ಹಗ್ಗ ಹಿಡಿದು, ನಡೆಸುತ್ತಾನೆ, ಉಣಿಸುತ್ತಾನೆ, ಸಂಜೆ ಮನೆಯವರ ಕೈಗೆ ಒಪ್ಪಿಸುತ್ತಾನೆ. ಅದನ್ನು ಪಡೆಯಲು ಒಂದು ಪರೀಕ್ಷೆ ಇದೆ ಎಂದರು. ಪರೀಕ್ಷೆ ಎಂಬ ಮಾತು ಕೇಳಿ ನನಗೆ ಧೈರ್ಯ ಬಂತು. ಓದಿನುದ್ದಕ್ಕೂ ನಾನು ಪರೀಕ್ಷೆಯಲ್ಲಿ ಸೋತವಳಲ್ಲ, ಮಕ್ಕಳನ್ನು ಪರೀಕ್ಷೆಗೆ ಸಿದ್ಧ ಮಾಡುವುದೇ ನನ್ನ ಕಸುಬು. ಅಲ್ಲಿ ಏನು ನೋಡುತ್ತಾರೆ ಎಂದು ವಿಚಾರಿಸಿದೆ. ಅವನ ಕಾಲು ನೋಡುತ್ತಾರೆ ಎಂದ ಜವಾನ. ಇನ್ನೇನೂ ನಾನು ಕೇಳಲಿಲ್ಲ.

ನೀಲುವಿಗೆ ಪಾಠ ಶುರುಮಾಡಿದೆ. ಸ್ಟೀಲಿನ ಲೋಟಕ್ಕೆ ಚಮಚದಿಂದ ಬಡಿಯುವುದು, ಬಡಿದಾಗ ಅವನ ಮೊಣಕಾಲು ಹಿಡಿದು ಎತ್ತುವುದು. ಹಿತ್ತಲಿನಲ್ಲಿ, ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆಯಿಂದ ಬಂದು. ಅಮ್ಮನಿಗೆ ಇದು ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಹೊಳೆಯಲು ಅವಳ ಎರಡನೆಯ ಕೈ ಎಂದೂ ಖಾಲಿ ಇರಲಿಲ್ಲ. ದಸರೆಯ ಹೊತ್ತಿಗೆ ಲೋಟದ ಸದ್ದಿಗೆ ಅವನ ಕಾಲು ತಾನಾಗಿ ಏಳತೊಡಗಿತು. ಟಣ್ ಎಂದರೆ ಎಡ, ಟಣ್ ಎಂದರೆ ಬಲ. ಎತ್ತಿದ ಪ್ರತಿ ಸಲ ನನ್ನ ಮುಖ ನೋಡುತ್ತಿದ್ದ. ನಾನು ನಗುತ್ತಿದ್ದೆ. ನಾನು ನಕ್ಕರೆ ಅವನೂ ನಗುತ್ತಿದ್ದ. ಆಮೇಲಾಮೇಲೆ ಲೋಟ ಬೇಕಾಗಲಿಲ್ಲ, ನನ್ನ ಮುಖವೇ ಸಾಕಾಯಿತು.

ಪರೀಕ್ಷೆಯ ದಿನ ಅವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಎಣ್ಣೆ ಹಚ್ಚಿ ಬೈತಲೆ ತೆಗೆದು ಕರೆದುಕೊಂಡು ಹೋದೆ. ಕಚೇರಿಯ ಹಿಂದೆ ಒಂದು ಬರಿಯ ಅಂಗಳ. ನಡುವೆ ಕಂಬ, ಕಂಬದ ಬುಡದಲ್ಲಿ, ಮೊಣಕಾಲು ಎಷ್ಟು ಇಳಿಯಿತೆಂದು ನೋಡಲು, ಕೆಂಪು ಗೆರೆ. ಪಕ್ಕದಲ್ಲಿ ತಳದಲ್ಲಿ ತೂತಿರುವ ಒಂದು ತಾಮ್ರದ ಕೊಡ ತೂಗುಹಾಕಿತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಪರೀಕ್ಷಕಿ ಸರ್ವಮಂಗಳಾ ಎನ್ನುವವರು, ಐವತ್ತು ದಾಟಿದ, ಮೃದು ಮಾತಿನ ಹೆಂಗಸು. ಮನೆಯವರು ಹಗ್ಗದ ಆಚೆ ನಡೆಯುತ್ತಿರಬೇಕು, ಕೂಗಬಾರದು, ಸನ್ನೆ ಮಾಡಬಾರದು ಎಂದು ಹೇಳಿ ನೀಲುವನ್ನು ಕಂಬದ ಬಳಿ ಒಬ್ಬನನ್ನೇ ಬಿಟ್ಟರು.

ನೀಲು ಮೊದಲು ತೊಟ್ಟಿಕ್ಕುವ ನೀರನ್ನು ನೋಡಿದ. ನೀರು ನೋಡಿದರೆ ಅವನು ಲೋಕವನ್ನೇ ಮರೆಯುತ್ತಾನೆ. ಆಮೇಲೆ ಅವನು ತಿರುಗಿ ನನ್ನನ್ನು ಹುಡುಕಿದ. ಕಂಡ ಕೂಡಲೇ ಎಡಗಾಲು ಎತ್ತಿದ, ಬಲಗಾಲು ಎತ್ತಿದ. ಎಷ್ಟು ಅಚ್ಚುಕಟ್ಟಾಗಿ ಎತ್ತಿದನೆಂದರೆ ವರಾಂಡದಲ್ಲಿ ನಡೆಯುತ್ತಿದ್ದ ಗುಮಾಸ್ತರೂ ಬಗ್ಗಿ ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಅದಕ್ಕೆ ಇನ್ನೂ ಜೋರಾಗಿ ಎತ್ತಿದ. ಕೊಡದ ನೀರು ಮುಗಿಯುವವರೆಗೂ ಅವನ ಚಪ್ಪಲಿಯ ಅಂಚಿಗೂ ಮಣ್ಣು ಹತ್ತಲಿಲ್ಲ.

ಸರ್ವಮಂಗಳಾ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. "ನಿಮ್ಮ ತಮ್ಮನಿಗೆ ಕಾಲು ಬಂದಿದೆಯಲ್ಲಮ್ಮಾ. ಇಷ್ಟು ವರ್ಷದಲ್ಲಿ ಇಂಥಾದ್ದು ನಾನು ನೋಡಿಲ್ಲ. ಇನ್ನು ನಿಮಗೆ ಜೊತೆಗಾರನ ಅವಶ್ಯಕತೆ ಇಲ್ಲ," ಎಂದರು. ಅವರ ಕಣ್ಣು ತುಂಬಿತ್ತು. ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ಏನೇನೋ ಹೇಳಿದೆ: ಅವನು ನನ್ನನ್ನು ನೋಡಿ ಎತ್ತಿದ, ನಾನಿಲ್ಲದಿದ್ದರೆ ಎತ್ತುವುದಿಲ್ಲ, ಬೀದಿಯಲ್ಲಿ ಎತ್ತುವುದಿಲ್ಲ. ಅವರು ತಾಳ್ಮೆಯಿಂದ ಕೇಳಿ, ನಾವು ಕಣ್ಣಾರೆ ಕಂಡದ್ದನ್ನು ಬರೆಯುತ್ತೇವಮ್ಮ, ಇರುವ ಜೊತೆಗಾರರೇ ಕೆಲವರು, ಕೆಂಪು ಗೆರೆಯವರೆಗೆ ಇಳಿದವರಿಗೇ ಸಾಲುತ್ತಿಲ್ಲ ಎಂದರು. ಬೇಕಾದರೆ ಸುಗ್ಗಿಯ ಹೊತ್ತಿಗೆ ಇನ್ನೊಂದು ಸಲ ಬರಬಹುದು ಎಂದರು.

ಅದೇ ಸಂಜೆ ಕಾಫಿಪುಡಿ ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳಲು ಅವನ ಕೈ ಬಿಟ್ಟೆ. ಆಚೆ ಬೀದಿಯಲ್ಲಿ ಯಾರೋ ಹಳದಿ ಬಟ್ಟೆ ಒಣಹಾಕುತ್ತಿದ್ದರು. ನಾನು ತಿರುಗಿದಾಗ ನೀಲು ತೊಡೆಯವರೆಗೆ ಇಳಿದಿದ್ದ. ಬಟ್ಟೆಯನ್ನೇ ನೋಡುತ್ತಿದ್ದ. ಅಂಗಡಿಯವನೂ ದಾರಿಹೋಕರೂ ಸೇರಿ ಎಳೆದರು. ಒಂದು ಚಪ್ಪಲಿ ಒಳಗೇ ಉಳಿಯಿತು. ಮನೆಗೆ ಬರುವಾಗ ಅವನು ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ, ನನ್ನ ಮುಖ ನೋಡಿ ನೋಡಿ, ಆಗ ಬೇಕಿಲ್ಲದಿದ್ದರೂ ಕಾಲನ್ನು ಎತ್ತಿ ಎತ್ತಿ ತೋರಿಸುತ್ತಿದ್ದ.

ಅವನಿಗೆ ನಾನು ಕಲಿಸಿದ ಕಾಲು ಬದುಕಲು ಸಾಲುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎಲ್ಲವನ್ನೂ ಕಳೆದುಕೊಳ್ಳಲು ಮಾತ್ರ ಸಾಲುವಷ್ಟಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಸಾಕಮ್ಮ ಎಂಬುವರಿದ್ದಾರೆ. ಹೂವು ಕಟ್ಟಿ ಮಾರುತ್ತಾರೆ. ಅವರ ಮಗಳು ಹೇಮಾವತಿಯೂ ನಿಲ್ಲುವವಳು, ಅವಳಿಗೆ ಜೊತೆಗಾರ್ತಿ ಇದ್ದಾಳೆ. ನಡೆದದ್ದು ಕೇಳಿ ಸಾಕಮ್ಮ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡೇ ನಮ್ಮ ಮನೆಗೆ ಬಂದು ತೂಗುಹಲಗೆಯ ಮೇಲೆ ಕೂತರು. ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಅಲ್ವೇ ಕುಮುದಾ, ನೀನು ಓದಿದೋಳು. ಪರೀಕ್ಷೆ ಅಂದ್ರೆ ಪಾಸಾಗೋದು ಅಂದ್ಕೊಂಡ್ಯಾ? ಇದು ಫೇಲಾಗೋ ಪರೀಕ್ಷೆ ಕಣವ್ವಾ. ನಮ್ಮ ಹೇಮ ಮೂರು ಸಲ ಫೇಲಾಗವ್ಳೆ, ಒಂದ್ಸಲಾನೂ ತಪ್ಪಿಲ್ಲ."

ಅವನು ಈಗ ನನ್ನನ್ನು ನೋಡಿದರೆ ಸಾಕು, ಕಾಲೆತ್ತುತ್ತಾನೆ ಎಂದೆ.

"ಕಲಿಸಿದ್ದು ಯಾರು?"

ನಾನು ಕಿಟಕಿಯಲ್ಲಿದ್ದ ಲೋಟದ ಕಡೆ ನೋಡಿದೆ.

"ಕಲಿಸಿದೋರೇ ಮರೆಸ್ಬೇಕು," ಎಂದು ಸಾಕಮ್ಮ ಎದ್ದರು. ಬಾಗಿಲ ತನಕ ಹೋಗಿ, ಬೆನ್ನು ತಿರುಗಿಸಿಯೇ ಇನ್ನೊಂದು ಮಾತು ಹೇಳಿದರು. "ಅವಳು ಇಳಿಯೋವಾಗ ಕಣ್ಣು ಮುಚ್ಕೋಬೇಡ. ಮುಚ್ಕೊಂಡ್ರೆ ಇನ್ನೂ ಹೆಚ್ಚು ಕಾಣ್ತದೆ." ಹೇಮಾವತಿಯ ಮಾತನ್ನೇ ಆಡುತ್ತಿದ್ದರು, ನನ್ನ ತಮ್ಮ ಗಂಡಸು ಎಂಬುದು ಅವರಿಗೆ ಆ ಕ್ಷಣ ನೆನಪಿರಲಿಲ್ಲ.

ಲೋಟವನ್ನು ಅಟ್ಟದ ಮೇಲಿಟ್ಟೆ. ಹಿತ್ತಲಿನಲ್ಲಿ ನೀಲುವಿನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಬಾವಿಯ ರಾಟೆಗೆ ಸುತ್ತಿ, ಅವನನ್ನು ಮಣ್ಣಿನ ಮೇಲೆ ನಿಲ್ಲಿಸಿದೆ. ನಾನು ಸುತ್ತ ನಡೆಯುತ್ತಿದ್ದೆ. ಅವನು ರೂಢಿಯಂತೆ ನನ್ನನ್ನು ನೋಡಿ ಎಡಗಾಲು ಎತ್ತಿದ. ನಾನು ಮುಖ ತಿರುಗಿಸಿದೆ. ಬಲಗಾಲು ಎತ್ತಿದ. ನಾನು ಮುಖ ತಿರುಗಿಸಿಯೇ ಇದ್ದೆ. ಅವನಿಗೆ ಅರ್ಥವಾಗಲಿಲ್ಲ. ನಾನು ಹೋದ ಕಡೆಗೆಲ್ಲ ಕತ್ತು ತಿರುಗಿಸಿ, ಸರಿಯಾಗಿ ಕಾಣಲಿಲ್ಲವೇನೋ ಎಂಬಂತೆ ಮೊಣಕಾಲನ್ನು ಎದೆಯವರೆಗೂ ಎತ್ತಿದ. ಸುಸ್ತಾಗಿ ಒಮ್ಮೆ ಸುಮ್ಮನೆ ನಿಂತಾಗ ನಾನು ಬೇಗ ಹೋಗಿ ಕೆನ್ನೆ ಸವರಿ ಬಾಯಿಗೆ ಕಡಲೆ ಮಿಠಾಯಿ ಇಟ್ಟೆ. ಆ ದಿನ ಅವನು ಮಿಠಾಯಿ ನುಂಗದೆ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದ.

ಮಕ್ಕಳಿಗೆ ತಪ್ಪು ಕಲಿಸುವುದು ಕಷ್ಟ ಎಂದುಕೊಂಡಿದ್ದೆ. ಕಷ್ಟವೇನಲ್ಲ. ಒಳ್ಳೆಯದನ್ನು ಕಲಿಸಿದ ದಾರಿಯಲ್ಲೇ ಹಿಂದಕ್ಕೆ ನಡೆದರೆ ಸಾಕು. ಸಂಕ್ರಾಂತಿ ಕಳೆಯುವುದರೊಳಗೆ ಅವನು ನಿಲ್ಲುವುದನ್ನು ಕಲಿತ. ಮೊದಲಿನ ಹಾಗೆ ಮರೆತು ನಿಲ್ಲುವುದಲ್ಲ, ಬೇಕೆಂದು ನಿಲ್ಲುವುದು. ಕಾಲಿನ ಗಂಟಿನವರೆಗೆ ಮಣ್ಣು ಬಂದಾಗ ಕೈ ಚಾಚುತ್ತಿದ್ದ. ಒಂದು ದಿನ ಕೆಳಗೆ ನೋಡಿ ನಕ್ಕು, "ಕುಮ, ತಂಪು," ಎಂದ. ಅದು ಅವನಿಗೆ ಹೊಸ ಮಾತು. ನೆಲದ ಒಳಗೆ ತಂಪಾಗಿರುತ್ತದೆ ಎಂದು ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಎರಡನೆಯ ಪರೀಕ್ಷೆಗೆ ಅವನಿಗೆ ಹಳೆಯ ಅಂಗಿ ಹಾಕಿದೆ. ತಲೆ ಬಾಚಲು ಕೈ ಹೋಯಿತು, ಬಾಚಲಿಲ್ಲ. ಸರ್ವಮಂಗಳಾ ನನ್ನ ಗುರುತು ಹಿಡಿದು, ಏನಾಯಿತಮ್ಮಾ, ಚೆನ್ನಾಗಿದ್ದನಲ್ಲ ಎಂದರು. ಹಿಂದೆ ಬಿದ್ದ ಎಂದೆ. ಅವರು ಲೊಚಗುಟ್ಟಿದರು. ಕೆಲವರಿಗೆ ಹಾಗಾಗುತ್ತದೆ ಎಂದರು.

ನೀಲುವನ್ನು ಕಂಬದ ಬಳಿ ಬಿಟ್ಟರು. ಅವನು ನನ್ನನ್ನು ಹುಡುಕಿ, ಕಂಡು, ನೆಟ್ಟಗೆ ನಿಂತ. ಶಾಲೆಯ ಮಕ್ಕಳಿಗೆ ಪ್ರಾರ್ಥನೆ ಹೇಳುವಾಗ ಇರುತ್ತದಲ್ಲ, ಅಂಥ ಗಂಭೀರ ಮುಖ. ಬೆರಳು ಮುಚ್ಚಿತು. ಹಿಮ್ಮಡಿ ಮುಚ್ಚಿತು. ಕಾಲಿನ ಗಂಟು ಮುಚ್ಚಿದಾಗ ಕೈ ಚಾಚಿದ. ಮಿಠಾಯಿ ಬರಲಿಲ್ಲ. ಕೈ ಹಾಗೇ ಚಾಚಿಕೊಂಡೇ ಇದ್ದ. ನಾನು ಹಗ್ಗದ ಆಚೆ ನಡೆಯುತ್ತಿದ್ದೆ. ಹಿತ್ತಲಿನಲ್ಲಿ ನಾವು ಇಲ್ಲಿಗೇ ನಿಲ್ಲಿಸುತ್ತಿದ್ದೆವು. ಇದಕ್ಕಿಂತ ಕೆಳಗೆ ಅವನು ತಿಳಿದು ಇಳಿದವನಲ್ಲ. ಮೀನಖಂಡ ಅರ್ಧ ಮುಚ್ಚಿದಾಗ ಅವನ ಮುಖದಲ್ಲಿ ಏನೋ ಬದಲಾಯಿತು. ನನ್ನನ್ನು ನೋಡಿದ, ಕೆಳಗೆ ನೋಡಿದ, ಮತ್ತೆ ನನ್ನನ್ನು ನೋಡಿದ. ತುಟಿ ಅಲುಗಿತು. ಸದ್ದು ಕೇಳದಿದ್ದರೂ ಮಾತು ಯಾವುದೆಂದು ನನಗೆ ಗೊತ್ತು, ಅಮ್ಮನ ಮಾತು. ಎತ್ತು. ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಎಡಗಾಲಿನ ಮೊಣಕಾಲು ಬಾಗಿತು, ಸುತ್ತಲಿನ ಮಣ್ಣು ಬಿರಿಯಿತು. ಕಾಲು ಮೇಲೆ ಬರುತ್ತಿತ್ತು. ಕೊಡದಲ್ಲಿ ಇನ್ನೂ ನೀರಿತ್ತು. ಸರ್ವಮಂಗಳಾ ಬರೆಯುವುದನ್ನು ಬಿಟ್ಟು ಮುಂದೆ ಬಾಗಿದರು.

ನಾನು ಸನ್ನೆ ಮಾಡಲಿಲ್ಲ, ಕೂಗಲಿಲ್ಲ. ನಡೆಯುತ್ತಿದ್ದವಳು ನಡೆಯುತ್ತಲೇ ಮುಖ ತಿರುಗಿಸಿದೆ, ಅಷ್ಟೇ. ಕಚೇರಿಯ ಗೋಡೆಯ ಮೇಲೆ ಸುಣ್ಣ ಉದುರಿದ ಒಂದು ಜಾಗವಿತ್ತು, ಅದನ್ನು ನೋಡಿದೆ. ಮತ್ತೆ ತಿರುಗಿದಾಗ ಅವನ ಕಾಲು ಮಣ್ಣಿನಲ್ಲಿತ್ತು. ಕೆಂಪು ಗೆರೆಯ ಹತ್ತಿರ ಮೊಣಕಾಲು ಬಂದಿತ್ತು. ಅವನು ಅಳುತ್ತಿದ್ದ, ಸದ್ದಿಲ್ಲದೆ, ನೆಟ್ಟಗೆ ನಿಂತೇ. ಕೈ ಚಾಚಿಯೇ ಇತ್ತು.

ಜೊತೆಗಾರ ಮಂಜೂರಾಯಿತು. ಶಾಲೆಯ ದಿನಗಳಲ್ಲಿ, ಬೆಳಿಗ್ಗೆಯಿಂದ ಸಂಜೆಯವರೆಗೆ, ಒಂದು ವರ್ಷಕ್ಕೆ. ಪ್ರತಿ ವರ್ಷ ಮತ್ತೆ ಪರೀಕ್ಷೆ ಆಗಬೇಕು ಎಂದ ಸರ್ವಮಂಗಳಾ, ನಾನು ಹೊರಡುವಾಗ ಬೆನ್ನು ಸವರಿ, ಬರುವ ವರ್ಷದ ಹೊತ್ತಿಗೆ ಸುಧಾರಿಸಿರುತ್ತಾನೆ, ಒಳ್ಳೆಯದನ್ನೇ ಆಶಿಸೋಣ ಎಂದರು. ಆಶಿಸೋಣ ಎಂದೆ. ಸಾಕಮ್ಮ ಅಂದು ಒಂದು ಮೊಳ ಮಲ್ಲಿಗೆ ತಂದು ಅಮ್ಮನ ಫೋಟೋಕ್ಕೆ ಹಾಕಿ ಹೋದರು.

ಜವರಯ್ಯ ಬಂದದ್ದು ಹಾಗೆ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಮುಂಚೆ ಎತ್ತಿನ ಗಾಡಿ ಹೊಡೆಯುತ್ತಿದ್ದವನಂತೆ. ಬಾಯಿ ಸುಮ್ಮನಿರುತ್ತಿರಲಿಲ್ಲ. ಬಾರಪ್ಪಾ ಧಣಿ, ಇವತ್ತು ಯಾವ ಊರಿಗೆ ಸವಾರಿ ಎಂದು ನೀಲುವಿನ ಸೊಂಟಕ್ಕೆ ಪಟ್ಟಿ ಕಟ್ಟುತ್ತಿದ್ದ. ನೀಲುವಿಗೆ ಪಾರಿವಾಳ ಬೇಕೆಂದರೆ ಪಾರಿವಾಳವಿರುವ ಕಡೆಗೇ ಕರೆದುಕೊಂಡು ಹೋಗಿ, ಅವುಗಳ ಸುತ್ತಲೇ ನಡೆಸುತ್ತಿದ್ದ. ಸಂಜೆ ನಾನು ಬಂದಾಗ ನೀಲುವಿನ ಮುಖ ಬಿಸಿಲಿಗೆ ಕಪ್ಪಾಗಿರುತ್ತಿತ್ತು, ಬಟ್ಟೆಯಲ್ಲಿ ಧೂಳು, ಬಾಯಲ್ಲಿ ಹುಣಸೆಹಣ್ಣಿನ ಹುಳಿ. ಅಮ್ಮ ಹೋದ ಮೇಲೆ ಮೊದಲ ಸಲ ನಾನು ಪಾಠ ಮಾಡುವಾಗ ಕಿಟಕಿ ನೋಡದೆ ಒಂದು ಪದ್ಯವನ್ನು ಕೊನೆಯವರೆಗೂ ಹೇಳಿದೆ. ಹೆಡ್‌ಮಾಸ್ಟರು ಎದುರು ಸಿಕ್ಕಾಗ, ವ್ಯವಸ್ಥೆ ಆಯಿತಲ್ಲ, ಸಂತೋಷ ಎಂದರು.

ಬೇಸಿಗೆ ರಜೆಗೆ ಮುಂಚಿನ ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ನಮ್ಮ ಬೀದಿಗೆ ತಿರುಗಿದಾಗ ದೂರದಿಂದಲೇ ಸದ್ದು ಕೇಳಿಸಿತು. ಟಣ್, ಟಣ್. ಬೀದಿಯ ನಡುವೆ ನೀಲು ಒಬ್ಬನೇ ಬರುತ್ತಿದ್ದ. ಸೊಂಟದ ಪಟ್ಟಿಯ ಹಗ್ಗ ನೆಲದ ಮೇಲೆ ಎಳೆಯುತ್ತಿತ್ತು. ಅವನ ಹಿಂದೆ ಸ್ವಲ್ಪ ದೂರದಲ್ಲಿ ಜವರಯ್ಯ, ಊಟದ ಡಬ್ಬಿಯನ್ನು ಬೀಗದ ಕೈಯಿಂದ ಬಡಿಯುತ್ತಾ, ಹೋಯ್ ಹೋಯ್ ಎಂದು ಗಾಡಿ ಹೊಡೆಯುವ ದನಿಯಲ್ಲಿ ಹಾಡುತ್ತಾ ಬರುತ್ತಿದ್ದ. ಟಣ್ ಎಂದರೆ ಎಡ, ಟಣ್ ಎಂದರೆ ಬಲ. ಯಾರದೋ ಮಾಡಿನಿಂದ ಪಾರಿವಾಳ ಹಾರಿತು, ನೆರಳು ಗೋಡೆಯ ಮೇಲೆ ಓಡಿತು. ನೀಲು ತಲೆಯೆತ್ತಿ ನೋಡಿದ. ನೋಡುತ್ತಲೇ ಎಡಗಾಲು ಎತ್ತಿದ, ನೋಡುತ್ತಲೇ ಬಲಗಾಲು ಎತ್ತಿದ. ನಾನು ಹುಟ್ಟಿದಾಗಿನಿಂದ ಕಾಣದ ಒಂದು ಸಂಗತಿ ಅದು. ಎಷ್ಟು ಹೊತ್ತು ನೋಡಿದೆನೋ, ಹಿಮ್ಮಡಿಗೆ ತಣ್ಣಗೆ ತಾಗಿದಾಗಲೇ ನಾನು ನಿಂತಿದ್ದೇನೆ ಎಂದು ತಿಳಿದದ್ದು. ಕಾಲು ಕಿತ್ತುಕೊಂಡೆ.

ಜವರಯ್ಯ ನನ್ನನ್ನು ಕಂಡು ಡಬ್ಬಿಯನ್ನು ಇನ್ನೂ ಜೋರಾಗಿ ಬಡಿದ. "ನೋಡ್ರಕ್ಕೋ, ನಮ್ ಧಣಿನ. ಈ ಹಗ್ಗಕ್ಕೆ ಇನ್ನು ಕೆಲ್ಸ ಇಲ್ಲ. ಇನ್ನೊಂದಷ್ಟು ದಿನ ಕೊಡಿ, ಡಬ್ಬಿನೂ ಬೇಡ ಅನ್ನುಸ್ತೀನಿ."

ನಾನು ಅವನ ಪಕ್ಕದಲ್ಲಿ ನಡೆಯುತ್ತಾ, ತಗ್ಗಿದ ದನಿಯಲ್ಲಿ, ಡಬ್ಬಿ ನಿಲ್ಲಿಸು ಎಂದೆ. ಅವನಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ. ಸದ್ದು ನಿಂತಿತು. ನೀಲುವಿನ ಕಾಲು ಸದ್ದಿಲ್ಲದೆಯೂ ಇನ್ನೂ ಎರಡು ಹೆಜ್ಜೆ ತನ್ನಷ್ಟಕ್ಕೆ ಏಳುತ್ತಿತ್ತು.

"ಯಾಕಕ್ಕಾ? ಕಾಲು ಬರ್ತಾ ಐತೆ ಅವನಿಗೆ."

"ಪೂರ್ತಿ ಬರುತ್ತಾ ಜವರಯ್ಯ? ಸದ್ದಿಲ್ಲದೆ, ಯಾರೂ ಇಲ್ಲದೆ, ಬಟ್ಟೆ ಹಾರಾಡಿದರೂ, ಮಳೆ ಬಂದರೂ? ಬರುವ ಸುಗ್ಗಿಯೊಳಗೆ?"

ಅವನು ನೀಲುವಿನ ಬೆನ್ನು ನೋಡಿದ. ಸುಳ್ಳು ಹೇಳುವ ಮನುಷ್ಯನಲ್ಲ. "ಅದೆಂಗೆ ಹೇಳಾಕಾಯ್ತದೆ," ಎಂದ. "ಅರ್ಧ ಬರ್ಬೋದು. ಮುಕ್ಕಾಲು ಬರ್ಬೋದು."

ಮುಕ್ಕಾಲು ಬಂದವರಿಗೆ ಕಚೇರಿಯಲ್ಲಿ ಏನು ಕೊಡುತ್ತಾರೆಂದು ಅವನಿಗೂ ಗೊತ್ತಿತ್ತು. ಏನೂ ಇಲ್ಲ. ಉಳಿದ ಕಾಲನ್ನು ನೆಲ ತೆಗೆದುಕೊಳ್ಳುತ್ತದೆ, ಅಥವಾ ಬಂಡೆ.

"ಕಲಿಸಬೇಡ," ಎಂದೆ. "ಕೈ ಹಿಡಿದು ನಡೆಸು. ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗು. ಕಲಿಸಬೇಡ."

ಜವರಯ್ಯ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಡಬ್ಬಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಹಗ್ಗದ ತುದಿ ಎತ್ತಿಕೊಂಡ. ಅವನ ಬಾಯಿ ಸುಮ್ಮನಾದದ್ದನ್ನು ನಾನು ಕಂಡದ್ದು ಅಂದೇ.

ಆಗ ನೀಲು ತಿರುಗಿದ. ನನ್ನನ್ನು ನೋಡಿದ. ಮುಖ ಅರಳಿತು. ನನಗೆ ತೋರಿಸಬೇಕೆಂದು, ತಾನೇ, ಎಡಗಾಲನ್ನು ಎತ್ತಿ ಗಾಳಿಯಲ್ಲಿ ಹಿಡಿದುಕೊಂಡ. ತೋಳು ಎರಡೂ ಪಕ್ಕಕ್ಕೆ ಚಾಚಿ, ಬೀಳದೆ, ನನ್ನ ಮುಖವನ್ನೇ ನೋಡುತ್ತಾ ಕಾದ.

ನನ್ನ ಚೀಲದಲ್ಲಿ ಕಡಲೆ ಮಿಠಾಯಿ ಇತ್ತು. ದಿನವೂ ಇರುತ್ತದೆ. ನಾನು ಮುಖ ತಿರುಗಿಸಿದೆ. ಸಾಕಮ್ಮನ ಬಾಗಿಲು, ಅದರ ಮೇಲೆ ಬಾಡಿದ ತೋರಣ, ಬಾಗಿಲ ಪಕ್ಕದ ತುಳಸಿ ಕುಂಡ, ಒಂದೊಂದನ್ನೂ ನೋಡುತ್ತಾ ಇದ್ದಲ್ಲೇ ಕಾಲು ಬದಲಾಯಿಸಿದೆ. ಬೆನ್ನ ಹಿಂದೆ ಒಂದು ಪಾದ ಮೆಲ್ಲನೆ ನೆಲಕ್ಕೆ ಬಂದ ಸದ್ದು ಕೇಳಿಸಿತು. ಆಮೇಲೆ ಹೆಜ್ಜೆಯ ಸದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ, ನನ್ನನ್ನು ಮೆಚ್ಚಿಸುವ ದನಿಯಲ್ಲಿ ನನ್ನ ತಮ್ಮ ಹೇಳಿದ:

"ಕುಮ, ತಂಪು."

ನಾನು ತಿರುಗಿ, ಚೀಲಕ್ಕೆ ಕೈ ಹಾಕಿದೆ.